ಮೊರದಗಲದ ಎಲೆ

ನಮ್ಮ ಮನೆಯಲ್ಲಿ ಒಂದು ಕರೀ ಛತ್ರಿ ಇದೆ. ಅದು ನನ್ನದಲ್ಲ, ನಮ್ಮೆಜಮಾನರದೂ ಅಲ್ಲ. ಅದು ಗಿಡದ್ದು.

ಮೊನ್ನೆ ಬ್ಯಾಂಕಿಗೆ ಹೊರಟಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಛತ್ರಿಗೆಂದು ಬಾಗಿಲ ಹಿಂದಿನ ಗೂಟಕ್ಕೆ ಕೈ ಹಾಕಿದೆ. ಬರೀ ಗೂಟ ಸಿಕ್ಕಿತು. ಛತ್ರಿ ಹಿತ್ತಿಲಲ್ಲಿ ಡ್ಯೂಟಿಯಲ್ಲಿದೆ ಎಂದು ಆಮೇಲೆ ನೆನಪಾಯಿತು. ಸೆರಗನ್ನೇ ತಲೆಗೆ ಹೊದ್ದು ಹೊರಟೆ. ಮಳವಳ್ಳಿ ಪೇಟೆಯಲ್ಲಿ ಪರಿಚಯದವರೊಬ್ಬರು ಸಿಕ್ಕಿ, "ಏನಮ್ಮಾ, ಈ ಬಿಸ್ಲಲ್ಲಿ ಛತ್ರಿ ಇಲ್ದೆ ಬಂದ್ಬುಟ್ಟಿದ್ದೀರಿ?" ಅಂದರು. "ಗಿಡಕ್ಕೆ ಕೊಟ್ಟು ಬಂದೆ" ಅಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ವಯಸ್ಸಾದವರ ಹತ್ತಿರ ಏನು ಮಾತು ಎನ್ನುವ ಹಾಗೆ ತಲೆಯಾಡಿಸಿ ಹೊರಟುಹೋದರು.

ನೀವೂ ಹಾಗೆ ತಲೆಯಾಡಿಸುವ ಮೊದಲು, ಪ್ಲೀಸ್, ಪೂರ್ತಿ ಕೇಳಿಬಿಡಿ.

ಗಿಡದ ಹೆಸರು ರೂಬಾರ್ಬ್. ಬೆಟ್ಟದ ಗಿಡ. ಚಳಿ ಬೇಕು, ತಂಪು ನೆಲ ಬೇಕು. ಎಲೆಯ ಅಂಚು ಅಗಲಿಸಿದ ಬೆರಳುಗಳ ಹಾಗೆ ಸೀಳಿರುತ್ತದೆ, ಅಡಿಯ ಬಣ್ಣ ಬೀಟ್‌ರೂಟಿನದು. ಅಡಿಗೆಗೆ ಬಳಸುವ ರೂಬಾರ್ಬ್ ಬೇರೆ ಇದೆ, ಅದರಲ್ಲೂ ದಂಟು ಮಾತ್ರ ತಿನ್ನಬೇಕು, ಎಲೆ ವಿಷ. ನನ್ನದು ಬರೀ ಅಂದಕ್ಕೆ ಬೆಳೆಸುವ ಜಾತಿ. ತಿನ್ನುವಂತಿಲ್ಲ, ಮುಡಿಯುವಂತಿಲ್ಲ, ದೇವರಿಗೆ ಏರಿಸುವಂತೆಯೂ ಇಲ್ಲ. ಮಂಡ್ಯದ ಕಡೆ ನೆಲವೆಂದರೆ ಕಬ್ಬು, ಭತ್ತ, ಇಲ್ಲದಿದ್ದರೆ ಸೈಟು. ಇಂಥ ಕಡೆ ನೋಡುವುದಕ್ಕೆಂದೇ ಒಂದು ಎಲೆ ಬೆಳೆಸುತ್ತೇನೆ ಎನ್ನುವವಳನ್ನು ಜನ ಕೊಂಚ ದೂರದಿಂದಲೇ ಮಾತನಾಡಿಸುತ್ತಾರೆ.

ನಾನು ಹುಟ್ಟಿದ್ದು ಮದ್ದೂರಿನ ಹತ್ತಿರ. ಅಪ್ಪನದು ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆಯಲ್ಲೇ ನಾನು ನಡೆಯಲು ಕಲಿತೆ. ನನ್ನ ಲಂಗದ ಅಂಚಿಗೆ ಯಾವಾಗಲೂ ಬೆಲ್ಲದ ಅಂಟು, ಆ ಅಂಟಿನ ಹಿಂದೆ ಇರುವೆ ಸಾಲು. ಇಂಥ ಹುಡುಗಿಯನ್ನು ಅಪ್ಪ ಅದ್ಯಾರ ಮಾತು ಕೇಳಿದರೋ, ನೀಲಗಿರಿಯ ಒಂದು ಕಾನ್ವೆಂಟಿಗೆ ಸೇರಿಸಿಬಿಟ್ಟರು. "ಇಂಗ್ಲಿಷ್ ಕಲ್ತ್‌ಬುಡ್ಲಿ, ಬೆಲ್ಲ ಮಾರೋಕ್ ಬತ್ತದೆ" ಎಂದರಂತೆ. ಬೆಲ್ಲ ಕೊಳ್ಳುವವರಲ್ಲಿ ಇಂಗ್ಲಿಷ್ ಬರುವವರು ಯಾರಿದ್ದರೋ ಅಪ್ಪನೇ ಬಲ್ಲರು.

ಕಾನ್ವೆಂಟಿನಲ್ಲಿ ನನ್ನ ಮೊದಲ ಕಷ್ಟ ಚಳಿಯಲ್ಲ, ನಾಲಿಗೆ. ನಮ್ಮ ಕಡೆಯವರಿಗೆ 'ಹ' ಭಾರ. ಹಳ್ಳಿ ನಮಗೆ ಅಳ್ಳಿ, ಹಾಲು ಆಲು. ಅದೇ ನಾಲಿಗೆಯಲ್ಲಿ ನಾನು "ಅಂಡ್ರೆಡ್" ಎಂದರೆ ಡಾರ್ಮಿಟರಿಗೆ ಡಾರ್ಮಿಟರಿಯೇ ನಗುತ್ತಿತ್ತು. ಸಿಸ್ಟರ್ ಬೆನೆಡಿಕ್ಟಾ ನನ್ನ ಬಾಯಿಯ ಮುಂದೆ ಒಂದು ಮೇಣದಬತ್ತಿ ಹಿಡಿದು, "ಹಂಡ್ರೆಡ್ ಹ್ಯಾಪಿ ಹೆನ್ಸ್" ಹೇಳಿಸುವರು. ಹ ಸರಿಯಾಗಿ ಬಂದರೆ ದೀಪ ಅಲ್ಲಾಡಬೇಕು. ನನ್ನ ದೀಪ ದೇವರ ಮನೆಯ ನಂದಾದೀಪದ ಹಾಗೆ ನೆಟ್ಟಗೆ ಉರಿಯುತ್ತಿತ್ತು.

ಆ ದಿನಗಳಲ್ಲಿ ನಾನು ಓಡಿಹೋಗಿ ಅಳುತ್ತಿದ್ದದ್ದು ಬಟ್ಟೆ ಒಗೆಯುವ ಕಲ್ಲುಗಳ ಹಿಂದೆ. ಅಲ್ಲಿ ಸದಾ ನೀರು ಜಿನುಗುವ ಒಂದು ಮೂಲೆ, ಆ ಮೂಲೆಯಲ್ಲಿ ಈ ಗಿಡ. ಅದರ ಕೆಳಗಿನ ಎಲೆಯ ಅಡಿ ಒಬ್ಬ ಪುಟ್ಟ ಹುಡುಗಿ ಮಂಡಿ ಮಡಚಿ ಕೂರುವಷ್ಟು ಜಾಗ. ಮೇಲೆ ಜಡಿಮಳೆ ಹನಿಯುತ್ತಿದ್ದರೆ ಎಲೆ ತಮಟೆಯ ಹಾಗೆ ಸದ್ದು ಮಾಡುವುದು, ಒಳಗೆ ಮಾತ್ರ ಬೆಚ್ಚಗೆ, ಕೆಂಪಗೆ. ಅಲ್ಲಿ ನನ್ನ ಅಳುವನ್ನು ಯಾರೂ ಇಂಗ್ಲಿಷಿಗೆ ತಿದ್ದುತ್ತಿರಲಿಲ್ಲ. ಗಿಡದ ಹೆಸರನ್ನು ಬರೆಯಲು ಕಲಿತ ದಿನ ಇನ್ನೊಂದು ಗೊತ್ತಾಯಿತು. ಬರೆಯುವಾಗ ಅದರಲ್ಲಿ ಒಂದು ಎಚ್ ಇದೆ, ಹೇಳುವಾಗ ಇಲ್ಲ. ಇಷ್ಟು ದೊಡ್ಡ ಗಿಡವೂ ನಮ್ಮೂರವರ ಹಾಗೆ ಎಚ್ ನುಂಗುತ್ತದೆಂದು ತಿಳಿದು, ಪರದೇಶದಲ್ಲಿ ಬಂಧು ಸಿಕ್ಕಷ್ಟು ಸಮಾಧಾನವಾಯಿತು.

ಭಾನುವಾರಗಳಂದು ಅಡಿಗೆಯ ರೂಬಾರ್ಬಿನ ದಂಟು ಬೇಯಿಸಿ ಕಸ್ಟರ್ಡಿನ ಜೊತೆ ಬಡಿಸುತ್ತಿದ್ದರು. ಹುಣಸೆಯನ್ನೂ ನಾಚಿಸುವ ಹುಳಿ. ಬೇರೆ ಹುಡುಗಿಯರು ಮೂಗು ಮುರಿದರೆ ನಾನು ಬಟ್ಟಲು ನೆಕ್ಕುತ್ತಿದ್ದೆ. ಬೆಲ್ಲದ ಮಗಳಿಗೆ ಹುಳಿಯ ಹುಚ್ಚು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಫ್ಲೋರಿ ತನ್ನ ಪಾಲನ್ನೂ ನನ್ನ ಬಟ್ಟಲಿಗೆ ಸುರಿಯುವಳು. ನಮ್ಮ ಸ್ನೇಹ ಅಲ್ಲಿ ಕುದುರಿದ್ದು. ಆಕೆ ಈಗಲೂ ನೀಲಗಿರಿಯಲ್ಲೇ ಇದ್ದಾಳೆ, ಈಗಲೂ ತನಗೆ ಬೇಡದ್ದನ್ನೆಲ್ಲಾ ನನಗೆ ಕಳಿಸುತ್ತಾಳೆ.

ಅದಿರಲಿ. ಮಳವಳ್ಳಿಯ ನಮ್ಮ ಮನೆಯ ಹಿತ್ತಿಲಿಗೆ ಬರೋಣ.

ಮನೆಯ ಹಿಂದಿನ ದಿಣ್ಣೆಯ ಮೇಲೆ ನಾಲೆ ಹರಿಯುತ್ತದೆ. ನಾಲೆಯೆಂದರೆ ಜಿನುಗುವುದು ಇದ್ದದ್ದೇ. ಆ ಬಸಿ ನೀರು ನಮ್ಮ ಹಿತ್ತಿಲಿನ ಒಂದು ಮೂಲೆಗೆ ಬಂದು ಕೂತು, ಅದು ವರ್ಷವಿಡೀ ಜೌಗು. ಕಾಲಿಟ್ಟರೆ ಚಪ್ಪಲಿ ವಾಪಸು ಬರುವುದಿಲ್ಲ. ನನಗೆ ಆ ಮೂಲೆ ಪ್ರಾಣ. ಕಪ್ಪೆ, ಪಾಚಿ, ಒದ್ದೆ ಮಣ್ಣಿನ ವಾಸನೆ. ಕಣ್ಣು ಮುಚ್ಚಿದರೆ ಒಗೆಯುವ ಕಲ್ಲುಗಳ ಹಿಂದಿನ ಜಾಗವೇ. ನಮ್ಮೆಜಮಾನರಿಗೆ ಮಾತ್ರ ಅದು ಕಣ್ಣಿಗೆ ಬಿದ್ದ ಕಸ. ಅವರು ನಾಲೆ ಕೆಲಸದಲ್ಲೇ ಇಂಜಿನಿಯರಾಗಿದ್ದು ರಿಟೈರ್ ಆದವರು. ಜೀವನವೆಲ್ಲಾ ನೀರು ಸೋರದಂತೆ ನೋಡಿಕೊಂಡವರ ಸ್ವಂತ ಹಿತ್ತಿಲಲ್ಲೇ ಸೋರುವ ನೀರು! ಬಂದವರೆಲ್ಲಾ "ಏನ್ಸಾರ್, ನಿಮ್ಮನೇಲೇ ಸೀಪೇಜಾ?" ಎಂದು ನಗುತ್ತಾರೆಂದು ಅವರ ಸಂಕಟ. ಆ ಮೂಲೆಗೆ ಜಲ್ಲಿ ತುಂಬಿಸಿ, ಮೇಲೆ ಸಿಮೆಂಟು ಹಾಕಿಸಿ, ಅದರ ಮೇಲೊಂದು ಕುರ್ಚಿ ಹಾಕಿಕೊಂಡು ಪೇಪರ್ ಓದಬೇಕೆನ್ನುವುದು ಅವರ ಬಹುಕಾಲದ ಪ್ರಾಜೆಕ್ಟು. ನಾನು "ನೆಕ್ಸ್ಟ್ ಇಯರ್ ನೋಡೋಣ ರೀ" ಎನ್ನುತ್ತಾ ತಳ್ಳುತ್ತಾ ಬಂದಿದ್ದೆ.

ಅಷ್ಟರಲ್ಲಿ ಫ್ಲೋರಿಯ ಪಾರ್ಸಲ್ ಬಂತು. ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಒಂದು ಗಡ್ಡೆ. ಕಂದು ಬಣ್ಣ, ಕೂದಲು ಕೂದಲು ಬೇರು, ಒಂದು ತುದಿಯಲ್ಲಿ ಕೆಂಪು ಮೊಗ್ಗು. ಪಕ್ಕದ ಮನೆಯ ಜಯಮ್ಮ ಇಣುಕಿ ನೋಡಿ, "ಅಯ್ಯೋ ಅಕ್ಕಾ, ಯಾರೋ ಕುರಿ ಕಾಲು ಕಳ್ಸವ್ರಲ್ಲ!" ಎಂದಳು. ಆಮೇಲೆ ಮೂಸಿ ನೋಡಿ, "ಬಂಡೂರು ಕುರಿದಲ್ಲ ಬುಡಿ. ಅದು ಇಷ್ಟು ಒಣ್ಕಂಡಿರಲ್ಲ" ಎಂದು ತೀರ್ಪು ಕೊಟ್ಟಳು.

"ಗಿಡ ಕಣೆ ಜಯಾ. ಎಲೆ ಇಷ್ಟಗಲ ಬರುತ್ತೆ" ಎಂದು ಕೈ ಅಗಲಿಸಿ ತೋರಿಸಿದೆ.

"ಮಸ್ಸೊಪ್ಪು ಮಾಡ್ಬೋದಾ?"

"ತಿಂದರೆ ಆಸ್ಪತ್ರೆ."

"ಮತ್ಯಾಕಕ್ಕಾ?"

ಇದಕ್ಕೆ ನನ್ನ ಹತ್ತಿರ ಯಾವ ಭಾಷೆಯಲ್ಲೂ ಉತ್ತರವಿರಲಿಲ್ಲ.

ಗಡ್ಡೆ ನೆಟ್ಟೆ. ಮಗುವಿನ ಮುಷ್ಟಿಯಂಥ ಒಂದು ಎಲೆ ಬಂತು. ನನ್ನ ಸಂತೋಷಕ್ಕೆ ಪಾರವಿಲ್ಲ. ಆದರೆ ಈ ಗಿಡಕ್ಕೆ ಒಂದು ಸ್ವಭಾವವಿದೆ. ಮಧ್ಯಾಹ್ನದ ಬಿಸಿಲಿಗೆ ಎಲೆ ಬಾಡಿ ಜೋತುಬೀಳುತ್ತದೆ, ಸಂಜೆ ತಂಪಿಗೆ ತಾನೇ ತಲೆಯೆತ್ತುತ್ತದೆ. ಸಿಯೆಸ್ಟಾ, ಮಧ್ಯಾಹ್ನದ ಒಂದು ಸಣ್ಣ ನಿದ್ದೆ, ಅಷ್ಟೆ. ಅದಕ್ಕೆ ನೀರಿನ ಕೊರತೆಯಿಲ್ಲ, ಬುಡದಲ್ಲೇ ಜೌಗು. ಇದನ್ನು ನಮ್ಮ ಜನಕ್ಕೆ ಹೇಳುವುದು ಹೇಗೆ? ನಾಲೆಗೆ ನೀರು ಬಿಟ್ಟರೆಂದರೆ ಹಬ್ಬದ ಕಳೆ, ನಿಲ್ಲಿಸಿದರೆಂದರೆ ರಸ್ತೆಗೆ ಇಳಿಯುವ ಜನ. ಬಾಡಿದ ಗಿಡವನ್ನು ಕಂಡೂ ಒಂದು ಚೊಂಬು ನೀರು ಹುಯ್ಯದೆ ಹೋದರೆ ಇಲ್ಲಿ ಅದು ಬಾಯಾರಿದವರ ಮುಂದೆ ಬಾಗಿಲು ಹಾಕಿಕೊಂಡಷ್ಟೇ ಪಾಪ.

ಜಯಮ್ಮ ಹುಯ್ದಳು. ಹಾಲಿನಾಕೆ ಕ್ಯಾನು ತೊಳೆದ ನೀರನ್ನು ಅದರ ಬುಡಕ್ಕೇ ಚೆಲ್ಲಿದಳು. ಒಂದು ಭಾನುವಾರ ಬಾಡೂಟಕ್ಕೆ ಬಂದಿದ್ದ ನೆಂಟರು ಹಿತ್ತಿಲಲ್ಲಿ ಕೈ ತೊಳೆಯಬೇಕಾದರೆ ಒಬ್ಬೊಬ್ಬರೂ "ಪಾಪ, ಒಣ್ಗೋಗದೆ" ಎನ್ನುತ್ತಾ ಗಿಡದ ಮೇಲೇ ಕೈ ತೊಳೆದರು. ಕೊನೆಗೆ ಗಿಡವನ್ನು ಕಂಡರಾಗದ ನಮ್ಮೆಜಮಾನರೇ ಗಡ್ಡ ಹೆರೆದುಕೊಂಡ ಮಗ್ಗಿನ ನೀರನ್ನು ಅದಕ್ಕೆ ಚೆಲ್ಲಿ ಬರುತ್ತಿದ್ದರು. ಕೇಳಿದರೆ, "ಬಾಡಿತ್ತಲ್ಲೇ, ಮನುಷ್ಯತ್ವ ಬೇಡ್ವಾ?"

ಗಿಡ ಕೊಳೆಯಿತು. ಅಗೆದು ನೋಡಿದರೆ ಗಡ್ಡೆ ನೆನೆಸಿಟ್ಟ ಬನ್ನಿನ ಹಾಗಿತ್ತು. ಜಯಮ್ಮ ಕಣ್ಣೊರೆಸಿಕೊಂಡು, "ದಿನಾ ನಾನೇ ಬಂದು ನೀರ್ ಉಯ್ದಿವ್ನಿ ಕಣಕ್ಕಾ, ಆದ್ರೂ ಓಯ್ತಲ್ಲಾ!" ಎಂದಳು. ಅವಳಿಗೆ ಏನೆಂದು ಬೈಯಲಿ?

ಫ್ಲೋರಿ ಇನ್ನೊಂದು ಕಳಿಸಿದಳು. ಈ ಸಲ ಬೋರ್ಡು ಹಾಕಿದೆ: "ದಯವಿಟ್ಟು ನೀರು ಹಾಕಬೇಡಿ." ಅದರಿಂದ ಕೆಲಸ ಇನ್ನೂ ಕೆಟ್ಟಿತು. ಬೋರ್ಡು ಓದಿದವರಿಗೆಲ್ಲಾ ಗಿಡದ ಮೇಲೆ ಕನಿಕರ, ನನ್ನ ಮೇಲೆ ಅನುಮಾನ. "ಎಂಥಾ ಕಲ್ಲು ಮನ್ಸು" ಎಂದುಕೊಂಡು, ನಾನು ಮಲಗಿರುವ ಹೊತ್ತು ನೋಡಿ ಕದ್ದು ಹುಯ್ದರು. ಎರಡನೆಯದೂ ಹೋಯಿತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಗೇಟಿನ ಮುಂದೆ ಟ್ರಾಕ್ಟರು ಬಂದು ಜಲ್ಲಿ ಸುರಿದು ಹೋಯಿತು. ನಮ್ಮೆಜಮಾನರು ಸೊಂಟದ ಮೇಲೆ ಕೈಯಿಟ್ಟು ಆ ರಾಶಿಯನ್ನು ಮೊಮ್ಮಗುವನ್ನು ನೋಡುವ ಹಾಗೆ ನೋಡುತ್ತಾ ನಿಂತಿದ್ದರು.

"ಇದೇನ್ರೀ?"

"ಆ ಮೂಲೆಗೆ. ನಿನ್ನ ಸೊಪ್ಪಿನ ಕತೆ ಮುಗೀತಲ್ಲ."

"ಸೊಪ್ಪಲ್ಲ, ರೂಬಾರ್ಬ್. ಇನ್ನೊಂದು ಗಡ್ಡೆ ತರಿಸ್ತೀನಿ."

"ಸುಶೀ, ಆ ಗಿಡಕ್ಕೆ ಬೆಟ್ಟ ಬೇಕು. ನಮ್ಮಲ್ಲಿ ಬೆಟ್ಟ ಎಲ್ಲಿ ತರ್ತೀಯ?"

ನನಗೆ ಅಳು ಬಂದಂತಾಯಿತು. ಅಳುವುದಕ್ಕೆ ಇನ್ನು ಮುಂದೆ ಆ ಮೂಲೆಯೂ ಇಲ್ಲವಲ್ಲ ಎಂದು ಇನ್ನಷ್ಟು ಬಂತು. ಅವರು ಮೆತ್ತಗಾದರು. ಆದರೆ ಇಂಜಿನಿಯರು ಮೆತ್ತಗಾದರೂ ಕಂಡೀಷನ್ ಇಲ್ಲದೆ ಆಗುವುದಿಲ್ಲ. ಒಳಗೆ ಹೋಗಿ ಗೌರಿ ಹಬ್ಬದಲ್ಲಿ ನನಗೆ ಬಾಗಿನ ಬಂದಿದ್ದ ಮೊರ ಹಿಡಿದುಕೊಂಡು ಬಂದರು. ಅರಿಶಿನ ಕುಂಕುಮದ ಕಲೆ ಇನ್ನೂ ಹಾಗೇ ಇತ್ತು.

"ಶಿವರಾತ್ರಿವರೆಗೆ ಟೈಮು. ಆ ಹೊತ್ತಿಗೆ ಒಂದು ಎಲೆ, ಒಂದೇ ಒಂದು ಎಲೆ, ಈ ಮೊರದಗಲ ಆಗ್ಲಿ. ಮೂಲೆ ನಿಂದು. ಆಗ್ಲಿಲ್ವಾ, ಮಾರನೇ ದಿನ ಜಲ್ಲಿ."

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೊರಟುಹೋಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು. ನನಗೂ ಗೊತ್ತು. ಆದರೂ ಮೊರವನ್ನು ಕೈಗೆ ತೆಗೆದುಕೊಂಡು, "ಡನ್" ಎಂದೆ. ಹ ಇಲ್ಲದ ಇಂಗ್ಲಿಷ್ ಪದಗಳನ್ನು ನಾನು ಬಲು ಜೋರಾಗಿ ಹೇಳುತ್ತೇನೆ.

ಮೂರನೆಯ ಗಡ್ಡೆ ಬಂದದ್ದು ಕಾರ್ತೀಕದಲ್ಲಿ. ಬೆಟ್ಟ ಎಲ್ಲಿ ತರುತ್ತೀಯ ಎಂದಿದ್ದರಲ್ಲ, ಬೆಟ್ಟ ನಮ್ಮ ಅಡಿಗೆಮನೆಯಲ್ಲೇ ಇತ್ತು, ಕರೆಂಟಿನಲ್ಲಿ ನಡೆಯುವಂಥದ್ದು. ಗಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಟ್ರೇಯಲ್ಲಿ, ಕೊತ್ತಂಬರಿ ಸೊಪ್ಪಿನ ಪಕ್ಕ ಮಲಗಿಸಿದೆ. ಚಳಿಗಾಲ ಬಂತೆಂದು ಅದು ನಂಬಬೇಕು, ಗಾಢವಾಗಿ ನಿದ್ದೆ ಮಾಡಬೇಕು, ಎದ್ದಾಗ ವಸಂತ ಬಂದಿದೆಯೆಂದು ಮೋಸಹೋಗಬೇಕು. ನಮ್ಮೆಜಮಾನರು ನಿಂಬೆಹಣ್ಣಿಗೆ ಕೈ ಹಾಕಿ ಆ ಕೂದಲು ಬೇರು ಮುಟ್ಟಿದಾಗಲೆಲ್ಲಾ ಕಿಟಾರನೆ ಕಿರುಚುತ್ತಿದ್ದರು. ಕರೆಂಟು ಹೋದರೆ ನಾನು ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದೆ, ಯಾರೂ ತೆಗೆಯಬಾರದು. ಒಂದು ಸಲ ಹಾಗೆ ನಿಂತೇ ಮೊಸರಿಲ್ಲದ ಊಟ ಬಡಿಸಿದ್ದೂ ಉಂಟು.

ಇನ್ನು ನೆಲದ ವಿಚಾರ. ಬೇರಿಗೆ ತೇವ ಬೇಕು, ಗಡ್ಡೆಯ ಕುತ್ತಿಗೆಗೆ ನೀರು ನಿಲ್ಲಬಾರದು. ಕಾನ್ವೆಂಟಿನ ಆ ಮೂಲೆಯನ್ನು ಮನಸ್ಸಿನಲ್ಲೇ ಸುತ್ತಿ ಸುತ್ತಿ ನೋಡಿದೆ. ಎಲೆಯ ಕೆಳಗೆ ಕೂತಿದ್ದಾಗ ನನ್ನ ಸ್ಕರ್ಟು ಒದ್ದೆಯಾಗುತ್ತಿರಲಿಲ್ಲವಲ್ಲ, ಯಾಕೆ? ನಾನು ಕೂರುತ್ತಿದ್ದದ್ದು ಕಲ್ಲುಚೂರುಗಳ ಮೇಲೆ! ಯಾವುದೋ ಗೋಡೆ ಬಿದ್ದ ಗುಪ್ಪೆಯ ಮೇಲೆ ಗಿಡ ನಿಂತಿತ್ತು, ನೀರು ಅದರ ಕೆಳಗೆ ಹರಿದುಹೋಗುತ್ತಿತ್ತು. ಇಷ್ಟು ವರ್ಷಗಳ ಮೇಲೆ ನನ್ನ ಕುಂಡೆಗೆ ಚುಚ್ಚಿದ ಕಲ್ಲುಗಳು ನೆನಪಾಗಿ ನನಗೆ ಬುದ್ಧಿ ಬಂತು. ಕ್ಷಮಿಸಿ, ಸಿಸ್ಟರ್ ಬೆನೆಡಿಕ್ಟಾ ಇದ್ದಿದ್ದರೆ "ಲ್ಯಾಂಗ್ವೇಜ್, ಸುಶೀಲಾ!" ಎನ್ನುತ್ತಿದ್ದರು.

ಕಲ್ಲು ಬೇಕು. ಕಲ್ಲು ಗೇಟಿನ ಮುಂದೆ ರಾಶಿಯಾಗಿಯೇ ಬಿದ್ದಿತ್ತು.

ನಮ್ಮೆಜಮಾನರು ಬೆಳಿಗ್ಗೆ ವಾಕಿಂಗ್ ಹೋದದ್ದೇ ತಡ, ನಾನೂ ಜಯಮ್ಮನೂ ಬಾಂಡ್ಲಿಯಲ್ಲಿ ಜಲ್ಲಿ ಸಾಗಿಸತೊಡಗಿದೆವು. ಅವಳಿಗೆ ಕಳ್ಳತನದ ಖುಷಿ. "ಸಾರ್ ಬಂದ್ರೆ ಏನಂತ ಏಳೋದು ಅಕ್ಕಾ?" "ಮಳೆಗೆ ಕೊಚ್ಚಿಹೋಯ್ತು ಅನ್ನು." "ಮಾಗಿಲಿ ಯಾವ ಮಳೆ?" ಇಬ್ಬರೂ ನಕ್ಕು ನಕ್ಕು ಬಾಂಡ್ಲಿ ಕೆಳಗಿಟ್ಟೆವು. ಮೂಲೆಯಲ್ಲಿ ಜಲ್ಲಿಯ ಗುಪ್ಪೆ ಮಾಡಿ, ಪಕ್ಕದಲ್ಲಿ ನೀರು ಹರಿಯಲು ಒಂದು ಕಾಲುವೆ ತೋಡಿ, ಮೇಲೆ ಗೊಬ್ಬರ ಮಣ್ಣು ಹಾಕಿ, ಚಳಿ ಬಿದ್ದ ಮೇಲೆ ಗಡ್ಡೆಯನ್ನು ಫ್ರಿಜ್ಜಿನಿಂದ ಎಬ್ಬಿಸಿ ತಂದು ಕೂರಿಸಿದೆ.

ರಾಶಿ ಕರಗಿದ್ದು ಇಂಜಿನಿಯರ ಕಣ್ಣಿಗೆ ಬೀಳದಿರುತ್ತದೆಯೆ? ಅವರು ಹಿತ್ತಿಲಿಗೆ ಬಂದು ಗುಪ್ಪೆಯನ್ನೂ ನಾನು ತೋಡಿದ್ದ ಕಾಲುವೆಯನ್ನೂ ನೋಡಿದರು. ಮುಖದಲ್ಲಿ ಎಂಥದೋ ನೋವು.

"ಇದೇನೇ ಇದು? ಇದು ಸ್ಲೋಪಾ? ನೀರು ವಾಪಸ್ ನಿನ್ ಗಿಡದ್ ಕಡೆಗೇ ಬತ್ತದೆ."

"ನಿಮಗ್ಯಾಕೆ? ನೀವು ಎದುರು ಪಾರ್ಟಿ."

"ಎದುರು ಪಾರ್ಟಿನೇ. ಆದ್ರೆ ನನ್ನ ಮನೆ ಹಿತ್ಲಲ್ಲಿ ಇಂಥಾ ಕಾಲುವೆ ಇದ್ರೆ ನಾಳೆ ನಾಲ್ಕು ಜನದ ಎದ್ರಿಗೆ ತಲೆಯೆತ್ತಿ ಓಡಾಡೋದ್ ಎಂಗೆ?"

ಸಂಜೆಯ ಹೊತ್ತಿಗೆ ದಾರ ಕಟ್ಟಿ, ಮಟ್ಟ ನೋಡಿ, ಗುದ್ದಲಿ ಹಿಡಿದು ಅವರೇ ಕಾಲುವೆ ತೋಡಿದ್ದರು. ಬಸಿ ನೀರು ಗುಪ್ಪೆಯ ಪಕ್ಕ ಸುಳಿದು, ಬೇರಿಗೆ ತಂಪು ಮುಟ್ಟಿಸಿ, ಸದ್ದಿಲ್ಲದೆ ಮೋರಿಗೆ ಹೋಗುತ್ತಿತ್ತು. ಅದನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದರು. "ಆದ್ರೂ ಬೆಟ್ ಬೆಟ್ಟೇ, ಶಿವರಾತ್ರಿಗೆ ಮೊರದಗಲ" ಎಂದು ನನಗೆ ಬೆರಳು ತೋರಿಸಿ ಒಳಗೆ ಹೋದರು.

ಉಳಿದದ್ದು ದಯಾಳುಗಳ ಕಾಟ. ಬೋರ್ಡಿನ ಕತೆ ಆಗಲೇ ಹೇಳಿದೆ. ಜನರ ಕೈ ಹಿಡಿಯುವುದಕ್ಕಾಗದಿದ್ದರೆ ಆ ಕೈಗೆ ಬೇರೆ ಕೆಲಸ ಕೊಡಬೇಕು ಎಂದು ನನಗೆ ಹೊಳೆಯಿತು. ರೂಬಾರ್ಬಿನ ಮುಂದೆ, ಹಿತ್ತಿಲಿಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ಕೆಸವಿನ ಗಡ್ಡೆಗಳನ್ನು ನೆಟ್ಟೆ. ಎಷ್ಟು ನೀರು ಹುಯ್ದರೂ ಕೆಸವು ಬೇಡವೆನ್ನುವ ಜಾತಿಯಲ್ಲ. ಜಯಮ್ಮನಿಗೆ ಹೇಳಿದೆ, "ನೋಡು, ಇದು ನಿನ್ನದು. ನೀರೆಲ್ಲಾ ಇದಕ್ಕೆ. ಸೊಪ್ಪೂ ನಿನಗೆ." ಅವಳು ಹುಯ್ದಳು, ಹಾಲಿನಾಕೆ ಹುಯ್ದಳು, ನೆಂಟರು ಕೈ ತೊಳೆದರು, ಗಡ್ಡದ ನೀರೂ ಅಲ್ಲಿಗೇ ಬಿತ್ತು. ಕೆಸವು ಕಾಡಿನ ಹಾಗೆ ಬೆಳೆಯಿತು. ಅದರ ಹಿಂದೆ ನನ್ನ ಗಿಡಕ್ಕೆ ಯಾರ ಕರುಣೆಯೂ ತಾಗಲಿಲ್ಲ.

ಬಿಸಿಲಿಗೆ ಛತ್ರಿ. ಬಿದಿರ ಗೂಟಕ್ಕೆ ಕಟ್ಟಿ, ಹತ್ತು ಗಂಟೆಗೆ ಬಿಚ್ಚುವುದು, ಬಿಸಿಲು ಇಳಿದ ಮೇಲೆ ಮಡಚುವುದು. ನನ್ನ ದಿನಚರಿಯೆಲ್ಲಾ ಅದರ ಸುತ್ತ ತಿರುಗತೊಡಗಿತು. ಮಂಡ್ಯದಲ್ಲಿ ಒಂದು ಮದುವೆಗೆ ಹೋದವಳು ಧಾರೆ ಮುಗಿಯುತ್ತಲೇ ಊಟವನ್ನೂ ಬಿಟ್ಟು ಬಸ್ಸು ಹತ್ತಿದೆ. "ಯಾರಿಗಾದ್ರೂ ಹುಷಾರಿಲ್ವೇ?" ಎಂದು ಬೀಗರು ಕೇಳಿದರು. "ಮನೇಲಿ ಒಂದು ಬೇಬಿ ಇದೆ" ಎಂದೆ. ನನ್ನ ವಯಸ್ಸು ನೋಡಿ ಅವರು ಏನು ಲೆಕ್ಕ ಹಾಕಿದರೋ!

ಸಂಕ್ರಾಂತಿಗೆ ಎಲೆ ನನ್ನ ಅಂಗೈಯಷ್ಟಿತ್ತು. ಆಮೇಲೆ ದೋಸೆಯಷ್ಟಾಯಿತು. ಮಾಗಿಯ ಇಬ್ಬನಿ ಕುಡಿದು ಕುಡಿದು ಊಟದ ತಟ್ಟೆಯಷ್ಟಾಯಿತು. ನಾನು ಮೊರ ಹಿಡಿದು ಅಳೆಯಲು ಮಾತ್ರ ಹೋಗಲಿಲ್ಲ. ಮಗುವನ್ನು ಪದೇ ಪದೇ ತೂಗಬಾರದೆಂದು ನಮ್ಮಮ್ಮ ಹೇಳುತ್ತಿದ್ದರು, ದೃಷ್ಟಿಯಾಗುತ್ತದಂತೆ. ಗೂಟಕ್ಕೆ ಒಂದು ಹಳೇ ಚಪ್ಪಲಿ ಕಟ್ಟಿದ್ದೂ ನಿಜ. ಕಾನ್ವೆಂಟ್ ಎಜುಕೇಶನ್ನು ಒಂದು ಕಡೆ, ಚಪ್ಪಲಿ ಒಂದು ಕಡೆ. ಶಿವರಾತ್ರಿಗೆ ಕೆಲವೇ ದಿನ ಇರುವಾಗ ಎಲೆಗಳ ನಡುವಿನಿಂದ ಒಂದು ಕೆಂಪು ಮೊಗ್ಗು ಕೋಲಿನ ಹಾಗೆ ಮೇಲೆದ್ದಿತು. ಹೂ! ಕಾನ್ವೆಂಟಿನಲ್ಲಿ ಒಂದೇ ಒಂದು ಸಲ ನೋಡಿದ್ದೆ.

ಶಿವರಾತ್ರಿಯ ಬೆಳಿಗ್ಗೆ ನಾನು ಸ್ನಾನದಲ್ಲಿದ್ದೆ. ಆ ಹೊತ್ತಿಗೆ ಕಿರುಗಾವಲಿನಿಂದ ಮೊದಲ ಬಸ್ಸಿಗೆ ನಮ್ಮತ್ತಿಗೆ ನಿಂಗಮ್ಮ, ಅಂದರೆ ನಮ್ಮೆಜಮಾನರ ಅಕ್ಕ, ಹಬ್ಬಕ್ಕೆಂದು ಬಂದಿಳಿದಿದ್ದರು. ಅತ್ತಿಗೆಯದು ಕಬ್ಬಿನ ಬೇಸಾಯ. ಯಾರ ಮನೆಗೆ ಹೋದರೂ ಸುಮ್ಮನೆ ಕೂರುವ ಜೀವ ಅಲ್ಲ. ಕಾಫಿ ಕುಡಿಯುವ ಮೊದಲೇ ಹಿತ್ತಿಲು ಸುತ್ತಿ ಕಳೆ ಕಿತ್ತು ಬರುವವರು. ಆ ದಿನವೂ ನಮ್ಮ ಕುಡುಗೋಲು ಹುಡುಕಿಕೊಂಡು ಹಿತ್ತಿಲಿಗೆ ಇಳಿದಿದ್ದಾರೆ. ಕೆಸವು ದಾಟಿದ್ದಾರೆ. ಇನ್ನೂ ಬಿಚ್ಚದ ಛತ್ರಿಯ ಕೆಳಗೆ ನನ್ನ ಗಿಡ, ಅದರ ನೆತ್ತಿಯ ಮೇಲೆ ಕೆಂಪು ಹೂವಿನ ಜುಟ್ಟು.

ಕಬ್ಬಿನವರ ಕಣ್ಣಿಗೆ ಜುಟ್ಟೆಂದರೆ ಒಂದೇ ಅರ್ಥ. ಕಬ್ಬು ಸೂಲಂಗಿ ಬಿಟ್ಟಿತೆಂದರೆ, ಅಂದರೆ ತುದಿಯಲ್ಲಿ ಹೂವಿನ ಗರಿ ಹೊರಟಿತೆಂದರೆ, ಬೆಳೆ ಬಲಿತು ಮುಗಿಯಿತು, ರಸ ಇಳಿಯುತ್ತದೆ, ತಡಮಾಡದೆ ಕಡಿಯಬೇಕು. ನಾನು ಸೀರೆ ಸುತ್ತಿಕೊಳ್ಳುತ್ತಿರುವಾಗ ಅವರ ಮಾತು ಕೇಳಿಸಿತು. "ಅಯ್ಯೋ, ಸೂಲಂಗಿ ಬಂದ್ಬುಟ್ಟದಲ್ಲಾ! ಈ ಸುಸೀಲಂಗೆ ಇಷ್ಟೂ ತಿಳೀದಾ? ಬುಡುಕ್ಕೇ ಒಂದೇಟು ಆಕ್ಬುಡ್ತೀನಿ ತಡಿ."

ಸೆರಗು ಹಿಡಿದುಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ನನ್ನನ್ನು ದಾಟಿಕೊಂಡು ಯಾರೋ ಓಡಿದರು. ನಮ್ಮೆಜಮಾನರು. ಅರ್ಧ ಗಡ್ಡ ಹೆರೆದು ಅರ್ಧ ಸೋಪಿನ ನೊರೆ, ಕೈಯಲ್ಲಿ ಮೊರ. ಬೆಟ್ಟಿನ ದಿನವಲ್ಲವೆ, ಬೆಳಿಗ್ಗೆಯೇ ಮೊರ ತೆಗೆದಿಟ್ಟುಕೊಂಡಿದ್ದರು. ಮಂಡಿ ನೋವೆಂದು ದೇವಸ್ಥಾನದ ಮೆಟ್ಟಿಲು ಹತ್ತದ ಮನುಷ್ಯ ಕೆಸವನ್ನು ತುಳಿದುಕೊಂಡು ಹೋಗಿ, ಕುಡುಗೋಲಿಗೂ ಗಿಡಕ್ಕೂ ನಡುವೆ ಮೊರವನ್ನು ಗುರಾಣಿಯ ಹಾಗೆ ಒಡ್ಡಿ ನಿಂತರು.

"ಅಕ್ಕಾ! ಕುಡ್ಲು ಕೆಳಗಿಡು!"

"ಏನ್ಲಾ ಪುಟ್ಸಾಮಿ, ಇಂಗ್ ಬಡ್ಕತೀಯ? ಸೂಲಂಗಿ ಬಂದದೆ ಕಣ್ಲಾ. ಇನ್ನೇನ್ ಇದ್ದದು ಇದ್ರಲ್ಲಿ?"

"ಕಬ್ಬಲ್ಲ ಕಣಕ್ಕಾ ಅದು! ಅದರ ಬೆಳೆನೇ ಆ ಊವು! ಅದು... ಅದು ರೂಬಾರ್ಬು!"

ಸೊಪ್ಪು ಎನ್ನಲಿಲ್ಲ. ಮೊದಲನೇ ಸಲ ಹೆಸರು ಹಿಡಿದು ಕರೆದರು. ಅದೂ ಏನು ಉಚ್ಚಾರಣೆ, ಸಿಸ್ಟರ್ ಬೆನೆಡಿಕ್ಟಾ ಕೇಳಿದ್ದರೆ ಏಸುವಿನ ಹೋಲಿ ಪಿಕ್ಚರನ್ನೇ ಬಹುಮಾನ ಕೊಡುತ್ತಿದ್ದರು.

"ಎಂಥಾ ಬಾರ್ಬು?" ಅತ್ತಿಗೆ ಕುಡುಗೋಲನ್ನು ಇಳಿಸಿದರು, ಕೆಳಗಿಡಲಿಲ್ಲ. "ತಿಂತಾರಾ?"

"ಇಲ್ಲ."

"ದನಕ್ಕಾಕ್ತಾರಾ?"

"ಹಾಕಂಗಿಲ್ಲ."

"ಮತ್ಯಾಕ್ಲಾ?"

ನಾನು ಬಾಗಿಲಲ್ಲೇ ನಿಂತೆ. ಜಯಮ್ಮ ಕೇಳಿದ್ದ ಅದೇ ಪ್ರಶ್ನೆ. ನಮ್ಮೆಜಮಾನರು ನೊರೆ ಒರೆಸಿಕೊಂಡು ಗಿಡವನ್ನು ಒಮ್ಮೆ ನೋಡಿದರು.

"ನೋಡಕ್ಕೆ" ಅಂದರು. "ನೋಡಕ್ಕೆ ಕಣಕ್ಕಾ. ನೋಡು, ಎಂಗದೆ."

ಅತ್ತಿಗೆ ನೋಡಿದರು. ಆಗಲೇ ಗೋಡೆಯ ಮೇಲಿಂದ ಜಯಮ್ಮನ ಕೂಗು. "ಅಕ್ಕಾ! ಅಕ್ಕಾ! ಮೊರ ಎಲ್ಲೋಯ್ತು ನೋಡಿ!"

ಎಲ್ಲರೂ ನೋಡಿದೆವು. ಗಡಿಬಿಡಿಯಲ್ಲಿ ನಮ್ಮೆಜಮಾನರ ಕೈ ಜೋತು, ಮೊರ ದೊಡ್ಡ ಎಲೆಯ ಹಿಂದಕ್ಕೆ ಸರಿದಿತ್ತು. ನನ್ನ ಕಡೆಯಿಂದ ನೋಡಿದರೆ ಮೊರವೇ ಇಲ್ಲ. ಎಲೆ ಅದನ್ನು ಪೂರ್ತಿ ಮುಚ್ಚಿ, ಸುತ್ತಲೂ ತನ್ನ ಸೀಳಿದ ಬೆರಳುಗಳನ್ನು ಚಾಚಿಕೊಂಡು, ಇನ್ನೂ ಏನಾದರೂ ಇದ್ದರೆ ತನ್ನಿ ಎನ್ನುವ ಹಾಗೆ ನಿಂತಿತ್ತು. ಬಾಗಿನದ ಮೊರದ ಒಂದು ಚೂರು ಅಂಚೂ ಕಾಣುತ್ತಿರಲಿಲ್ಲ.

ನಾನು ಕೂಗಿದೆ. ಏನು ಕೂಗಿದೆನೋ ನನಗೆ ನೆನಪಿಲ್ಲ. "ಉರ್ರೇ" ಎಂದೆನೆಂದು ಜಯಮ್ಮ ಹೇಳುತ್ತಾಳೆ, ಹ ಇಲ್ಲದೆ. ಇರಬಹುದು. ಮೇಣದಬತ್ತಿ ಹಿಡಿಯುವವರು ಅಲ್ಲಿ ಯಾರೂ ಇರಲಿಲ್ಲ.

ಆ ದಿನ ಉಪವಾಸವಿದ್ದರೂ ನನಗೆ ಹಸಿವೇ ಆಗಲಿಲ್ಲ. ನಮ್ಮೆಜಮಾನರು ಸಂಜೆಯವರೆಗೂ ಬಂದವರಿಗೆಲ್ಲಾ ಹಿತ್ತಿಲು ತೋರಿಸುತ್ತಾ, "ಸೀಪೇಜ್ ಅಲ್ರೀ, ಸೀಪೇಜ್ ಮ್ಯಾನೇಜ್‌ಮೆಂಟು. ಈ ಸ್ಲೋಪ್ ನೋಡಿ" ಎಂದು ವಿವರಿಸುತ್ತಿದ್ದರು. ಬೆಟ್ಟು ಯಾರು ಕಟ್ಟಿದ್ದು, ಯಾರು ಸೋತದ್ದು ಎನ್ನುವ ವಿಷಯ ಬರಲೇ ಇಲ್ಲ. ನಾನೂ ಎತ್ತಲಿಲ್ಲ. ಗೆದ್ದವರಿಗೆ ಮ್ಯಾನರ್ಸ್ ಇರಬೇಕು. ಅತ್ತಿಗೆ ಹೊರಡುವಾಗ ಬಾಗಿಲ ಹತ್ತಿರ ನನ್ನ ಕೈ ಹಿಡಿದು ಮೆಲ್ಲಗೆ, "ಅದರ ಗಡ್ಡೆ ಮರಿ ಆಕಿದ್ರೆ ನಂಗೊಂದ್ ಮಡ್ಗಿರವ್ವಾ. ನಮ್ ಆಳ್ಗಳ್ಗೆ ತೋರ್ಸಬೇಕು, ಸೂಲಂಗಿ ಬಂದ್ರೂ ಕಡೀಬಾರ್ದ್ ಅನ್ನೋದೂ ಒಂದದೆ ಅಂತ" ಎಂದರು.

ಚಳಿ ಶಿವ ಶಿವಾ ಎಂದು ಹೋಯಿತು. ಎಲೆಯ ಅಂಚು ಒಣಗಲು ಶುರುವಾಗಿದೆ. ಇನ್ನು ಕೆಲವು ದಿನಕ್ಕೆ ಗಡ್ಡೆ ಮತ್ತೆ ಬೆಟ್ಟಕ್ಕೆ, ಅಂದರೆ ಕೊತ್ತಂಬರಿಯ ಪಕ್ಕಕ್ಕೆ. ಅದಕ್ಕೆ ಮೊದಲು ಒಂದಾಸೆ ಇತ್ತು.

ನೆನ್ನೆ ಸಂಜೆ ಮೋಡ ಕಟ್ಟಿ ದಪ್ಪ ಹನಿ ಬಿತ್ತು. ನಾನು ಮಣೆ ತೆಗೆದುಕೊಂಡು ಹಿತ್ತಿಲಿಗೆ ಓಡಿದೆ. ಓಡಿದೆ ಎನ್ನುವುದು ಮಾತಿಗೆ, ಮಂಡಿ ಹೇಳಿದಷ್ಟು. ಛತ್ರಿ ಮಡಚಿ ಪಕ್ಕಕ್ಕಿಟ್ಟೆ. ಗುಪ್ಪೆಯ ಪಕ್ಕ ಮಣೆ ಹಾಕಿ ಕೂತು, ಬೆನ್ನು ಬಗ್ಗಿಸಿ ಎಲೆಯ ಕೆಳಗೆ ತಲೆ ತೂರಿಸಿದೆ. ತಲೆ ಮಾತ್ರ ಹಿಡಿಸಿತು. ಮೊರದಗಲದ ಎಲೆಯ ಕೆಳಗೆ ಇನ್ನೆಷ್ಟು ಹಿಡಿಸೀತು! ಬೆನ್ನೆಲ್ಲಾ ನೆನೆಯುತ್ತಿತ್ತು. ಕಿವಿಯ ಹತ್ತಿರ ಮಾತ್ರ ಅದೇ ಸದ್ದು, ತಮಟೆಯ ಸದ್ದು. ಕಣ್ಣ ಮುಂದೆ ಅದೇ ಕೆಂಪು.

ಬಾಗಿಲು ತೆರೆಯಿತು.

"ಲೇ, ನೆನೀತಿದೀಯಲ್ಲೇ! ಪಕ್ದಲ್ಲೇ ಛತ್ರಿ ಬಿದ್ದದೆ, ತಗೋಬಾರ್ದಾ?"

"ಬೇಡ ರೀ. ನನಗೆ ಎಲೆ ಇದೆ."

ಇವಳಿಗೆ ಬುದ್ಧಿ ಬರುವುದಿಲ್ಲವೆಂದು ಒಳಗೆ ಹೋದರೆಂದುಕೊಂಡೆ. ಆಮೇಲೆ ಜಲ್ಲಿಯ ಮೇಲೆ ಚಪ್ಪಲಿ ಸದ್ದು, ಮಂಡಿ ಲಟಲಟ ಎಂದ ಸದ್ದು, ಒಂದು "ಉಸ್ಸಪ್ಪಾ". ನನ್ನ ಪಕ್ಕದಲ್ಲಿ ಎಲೆಯ ಅಂಚು ಮೇಲೆದ್ದಿತು.

"ಒಸಿ ಸರ್ಕೊ" ಅಂದರು.